ಗಿರಾಕಿನ ವಾಪಸ್ ಕಳಿಸೋ ಹಕ್ಕು ವ್ಯಾಪಾರದವರಿಗೆ ಇರ್ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಖಾಸಗಿ ವ್ಯಾಪಾರ ಅಂದ್ಮೇಲೆ ಯಾರಿಗೆ ಮಾರ್ಬೇಕು ಯಾರಿಗೆ ಬಿಡ್ಬೇಕು ಅನ್ನೋದು ಅವರಿಷ್ಟ ಅಲ್ವಾ?

ಅರ್ಧ ಹೌದು. ಕುಡಿದು ಬಂದು ಗಲಾಟೆ ಮಾಡೋನು, ಹಳೇ ಬಾಕಿ ತೀರಿಸದೆ ಮತ್ತೆ ಸಾಲ ಕೇಳೋನು, ಕೆಲಸದ ಹುಡುಗಿ ಮೈಮೇಲೆ ಕೈ ಹಾಕೋಕೆ ಬರೋನು, ಇಂಥವರನ್ನ ಹೊರಗೆ ಕಳಿಸೋ ಹಕ್ಕು ಅಂಗಡಿಯವರಿಗೆ ಇರ್ಲೇಬೇಕು, ಇಲ್ಲಾಂದ್ರೆ ಯಾರೂ ಬಾಗಿಲು ತೆಗೆದು ಕೂರೋಕೆ ಆಗಲ್ಲ. ಇದರ ಬಗ್ಗೆ ನನಗೆ ಒಂದು ಚೂರೂ ತಕರಾರಿಲ್ಲ. ಆದ್ರೆ ಒಬ್ಬ ಮನುಷ್ಯ ದುಡ್ಡು ಹಿಡ್ಕೊಂಡು ಎಲ್ಲರ ಥರ ಲೈನಲ್ಲಿ ನಿಂತು ಎಲ್ಲರ ಥರ ಮರ್ಯಾದೆಯಿಂದ ಕೇಳಿದಾಗ ಅವನ ಜಾತಿ, ಧರ್ಮ, ಮೈಬಣ್ಣ, ಅವನ ದೇಹ ನೋಡಿ ನಿನಗಿಲ್ಲ ಅನ್ನೋದಿದ್ಯಲ್ಲ, ಆ ಹಕ್ಕು ಯಾರಿಗೂ ಇರ್ಬಾರ್ದು.

ಹಾಗಾದ್ರೆ ಗೆರೆ ಎಲ್ಲಿ ಎಳೀತೀರಾ?

ನಾನು ಒಂದೇ ಪ್ರಶ್ನೆ ಕೇಳ್ತೀನಿ. ವಾಪಸ್ ಕಳಿಸೋರನ್ನ ನಿಲ್ಲಿಸಿ ಕೇಳಿ, "ಸರಿ, ಈತ ನಾಳೆ ಏನು ಮಾಡ್ಕೊಂಡು ಬಂದ್ರೆ ಒಳಗೆ ಬಿಡ್ತೀರಾ?" ಅಂತ.

ಕುಡಿದಿದ್ರೆ ಉತ್ತರ ಇದೆ, ಇಳಿದ್ಮೇಲೆ ಬಾ. ಬಾಕಿ ಇದ್ರೆ ಉತ್ತರ ಇದೆ, ತೀರಿಸಿ ಬಾ. ವಯಸ್ಸಾಗಿಲ್ಲ ಅಂದ್ರೂ ಉತ್ತರ ಇದೆ, ವಯಸ್ಸಾದ್ಮೇಲೆ ಬಾ, ಇನ್ನೂ ಎರಡು ವರ್ಷ ಕಾಯ್ಬೇಕಾದ್ರೂ ಅದು ಉತ್ತರನೇ. ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೆ ಇನ್ಯಾವತ್ತೂ ಬರ್ಬೇಡ ಅಂದ್ರೂ ಒಪ್ಪೋಣ, ಯಾಕಂದ್ರೆ ಅದು ಅವನೇ ತನ್ನ ಕೈಯಾರೆ ಮಾಡ್ಕೊಂಡಿದ್ದು. ಆದ್ರೆ ಮೈಬಣ್ಣ ಕಾರಣ ಆಗಿದ್ರೆ ಈ ಪ್ರಶ್ನೆಗೆ ಉತ್ತರನೇ ಇರಲ್ಲ. ಅಥವಾ ಉತ್ತರ ಇದ್ರೂ ‘ನೀನು ನೀನಾಗಿರೋದನ್ನ ಬಿಟ್ಟು ಬಾ’ ಅನ್ನೋ ಥರ ಇರುತ್ತೆ, ಧರ್ಮ ಬದಲಾಯಿಸ್ಕೊಂಡು ಬಾ, ಹೆಸರು ಬದಲಾಯಿಸ್ಕೊಂಡು ಬಾ ಅನ್ನೋ ಥರ, ಅದನ್ನ ನಾನು ಉತ್ತರ ಅಂತ ಲೆಕ್ಕಕ್ಕೆ ತಗೊಳಲ್ಲ.

ಈ ಪ್ರಶ್ನೆನ ಮನಸ್ಸಲ್ಲಿ ಇಟ್ಕೊಳ್ಳಿ, ಕೆಳಗಡೆ ಮತ್ತೆ ಮತ್ತೆ ಬರುತ್ತೆ.

ನಿಮಗ್ಯಾಕೆ ಇದು ಇಷ್ಟು ಮನಸ್ಸಿಗೆ ಹತ್ತಿರ?

ನಾನು ಕೌಂಟರಿನ ಆ ಕಡೆ ನಿಂತಿದ್ದವನು. ಓದು ಮುಗಿದ ಹೊಸದ್ರಲ್ಲಿ ಒಂದು ಲಾಡ್ಜಲ್ಲಿ ರಾತ್ರಿ ಪಾಳಿ ಕೆಲಸ. ಸೇರಿದ ಮೊದಲ ವಾರನೇ ಮಾಲೀಕರು ಕರೆದು ಹೇಳಿದ್ರು, ಇಂಥಿಂಥ ಥರದ ಹೆಸರಿನವರು ಬಂದ್ರೆ ರೂಮ್ ಫುಲ್ ಅಂದ್ಬಿಡು, ಜಾಸ್ತಿ ಮಾತಾಡೋಕೆ ಹೋಗ್ಬೇಡ ಅಂತ. ನಾನು ಹೂಂ ಅಂದೆ. ಒಂದಿನ ರಾತ್ರಿ ಹನ್ನೊಂದೂವರೆ ದಾಟಿತ್ತು, ಗಂಡ ಹೆಂಡತಿ ಬಂದ್ರು, ಗಂಡನ ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು, ಆತ ಒಂದೇ ಕೈಯಲ್ಲಿ ಐಡಿ ಕಾರ್ಡ್ ತೆಗೆದು ಕೌಂಟರ್ ಮೇಲಿಟ್ಟ, ನಾನು ಹೆಸರು ಓದಿ ಕಾರ್ಡ್ ವಾಪಸ್ ಕೊಟ್ಟು ಫುಲ್ ಆಗಿದೆ ಸಾರ್ ಅಂದೆ. ನನ್ನ ಬೆನ್ನ ಹಿಂದೆ ಕೀ ಬೋರ್ಡ್ ಇತ್ತು, ಅದರಲ್ಲಿ ಕೀಗಳು ಸಾಲಾಗಿ ನೇತಾಡ್ತಾ ಇದ್ವು. ಆತ ನನ್ನ ಮುಖ ನೋಡ್ಲಿಲ್ಲ, ಆ ಬೋರ್ಡ್ ನೋಡಿದ, ಆಮೇಲೆ ಏನೂ ಅನ್ನದೆ ಕಾರ್ಡ್ ಜೇಬಿಗೆ ಹಾಕ್ಕೊಂಡು ಹೆಂಡತಿಗೆ ಬಾ ಅಂತ ಕೈಸನ್ನೆ ಮಾಡಿ ಹೋದ.

ಬೈದಿದ್ರೆ ನನಗೆ ಮರೆತೇ ಹೋಗ್ತಿತ್ತೇನೋ. ಆತನಿಗೆ ಅದು ಹೊಸದಲ್ಲ ಅನ್ನೋದು ಆ ನಡಿಗೆಯಲ್ಲೇ ಕಾಣ್ತಿತ್ತು.

ಇದೆಲ್ಲ ಈಚಿನ ಕಾಲದ ರಾಜಕೀಯ, ಮೊದಲೆಲ್ಲ ವ್ಯಾಪಾರದವನಿಗೆ ಪೂರ್ತಿ ಸ್ವಾತಂತ್ರ್ಯ ಇತ್ತು ಅಂತಾರಲ್ಲ?

ಇಲ್ಲ, ಉಲ್ಟಾ. ಇಂಗ್ಲೆಂಡಿನ ಹಳೇ ಕಾನೂನಲ್ಲೇ ಛತ್ರ ಥರದ ವಸತಿಗೃಹ ನಡೆಸೋರು, ಸಾಮಾನು ಸಾಗಿಸೋರು ಬಂದ ಗಿರಾಕಿನ ಸುಮ್ಸುಮ್ನೆ ಬೇಡ ಅನ್ನೋ ಹಾಗಿರ್ಲಿಲ್ಲ. ರೂಮ್ ಇದ್ದು ಪ್ರಯಾಣಿಕ ದುಡ್ಡು ಕೊಡೋಕೆ ತಯಾರಿದ್ರೆ ಜಾಗ ಕೊಡ್ಲೇಬೇಕು. ಕಾರಣ ತುಂಬಾ ಸರಳ, ಕತ್ತಲಲ್ಲಿ ದಾರಿ ಮೇಲೆ ನಿಂತಿರೋನಿಗೆ ಚೌಕಾಸಿ ಮಾಡೋ ಶಕ್ತಿ ಇರಲ್ಲ, ಬಾಗಿಲು ಹಾಕಿದ್ರೆ ಹೊರಗೆ ಕಳ್ಳರು, ಚಳಿ. 1701ರಲ್ಲಿ ಲೇನ್ ವರ್ಸಸ್ ಕಾಟನ್ ಅಂತ ಒಂದು ಕೇಸು, ಅದು ನಿಜವಾಗಿ ಅಂಚೆಯಲ್ಲಿ ಕಳೆದುಹೋದ ಹುಂಡಿಗಳ ಬಗ್ಗೆ, ಆದ್ರೆ ಅದರಲ್ಲಿ ಮುಖ್ಯ ನ್ಯಾಯಮೂರ್ತಿ ಹೋಲ್ಟ್ ಒಂದು ಉದಾಹರಣೆ ಕೊಡ್ತಾರೆ: ದಾರೀಲಿ ನನ್ನ ಕುದುರೆ ಲಾಳ ಬಿದ್ದುಹೋಯ್ತು, ಕಮ್ಮಾರನ ಹತ್ರ ಹೋದೆ, ಅವನು ಹಾಕಲ್ಲ ಅಂದ್ರೆ ಅವನ ಮೇಲೆ ದಾವೆ ಹಾಕ್ಬೋದು, ಯಾಕಂದ್ರೆ ಜನರಿಗೋಸ್ಕರ ಇರೋ ಕಸುಬನ್ನ ನಾನು ಮಾಡ್ತೀನಿ ಅಂತ ಅವನೇ ಹೇಳ್ಕೊಂಡು ಕೂತಿದಾನೆ.

ನನಗೆ ಇಡೀ ಚರ್ಚೆಯಲ್ಲಿ ತುಂಬಾ ಇಷ್ಟ ಆಗೋ ಮಾತು ಇದು. ಬೋರ್ಡ್ ಹಾಕೋದು ಅಂದ್ರೆ ಊರಿಗೆಲ್ಲ ಮಾತು ಕೊಟ್ಟ ಹಾಗೆ.

ಒಂದು ಕಡೆ ಇಲ್ಲ ಅಂದ್ರೆ ಪಕ್ಕದ ಕಡೆ ಹೋದ್ರಾಯ್ತಪ್ಪ, ಇದಕ್ಕೆಲ್ಲ ಕಾನೂನು ಬೇಕಾ?

ಇದನ್ನ ಹೇಳೋರು ಬಹುತೇಕ ಯಾವತ್ತೂ ವಾಪಸ್ ಕಳಿಸಿಸ್ಕೊಂಡಿರಲ್ಲ.

ಲಿಯರಿ ಕಾನ್ಸ್ಟಂಟೈನ್ ಗೊತ್ತಿರ್ಬೋದು, ವೆಸ್ಟ್ ಇಂಡೀಸ್ ಆಲ್‌ರೌಂಡರ್, ಆ ಕಾಲದ ದೊಡ್ಡ ಸ್ಟಾರ್. 1943ರಲ್ಲಿ ಲಾರ್ಡ್ಸ್‌ನಲ್ಲಿ ಮ್ಯಾಚ್ ಆಡೋಕೆ ಅಂತ ಲಂಡನ್ನಿನ ಇಂಪೀರಿಯಲ್ ಹೋಟೆಲಲ್ಲಿ ಹೆಂಡತಿ, ಮಗಳ ಜೊತೆ ನಾಲ್ಕು ರಾತ್ರಿಗೆ ರೂಮ್ ಬುಕ್ ಮಾಡಿದ್ರು. ಹೋದ್ಮೇಲೆ ಒಂದೇ ರಾತ್ರಿ ಇರ್ಬೋದು ಅಂದ್ರು, ಕಾರಣ ಅಲ್ಲಿದ್ದ ಬಿಳಿ ಅಮೆರಿಕನ್ನರಿಗೆ ಬೇಜಾರಾಗುತ್ತೆ ಅಂತ. ಅದೇ ಕಂಪನಿಯ ಇನ್ನೊಂದು ಹೋಟೆಲಲ್ಲಿ ಅವರಿಗೆ ಜಾಗ ಸಿಕ್ತು, ಅಂದ್ರೆ ‘ಪಕ್ಕದ ಕಡೆ’ ನಿಜವಾಗ್ಲೂ ಇತ್ತು, ಅವರು ಹೋಗಿ ಮಲಗಿದ್ರು ಕೂಡ. ಆದ್ರೂ ಕೇಸ್ ಹಾಕಿದ್ರು, 1944ರಲ್ಲಿ ಗೆದ್ರು. ಪರಿಹಾರ ಬರೀ 5 ಗಿನಿ, ಅಂದ್ರೆ ಹೆಸರಿಗೆ ಮಾತ್ರ. ಹಾಸಿಗೆ ಸಿಕ್ಕಿದ್ರೂ ಅನ್ಯಾಯ ಆಗಿದೆ ಅಂತ ಕೋರ್ಟ್ ಒಪ್ಕೊಂಡಿದ್ದೇ ದೊಡ್ಡದು. ಅವರು ಗೆದ್ದಿದ್ದು ಯಾವ ಕಾನೂನಲ್ಲಿ ಗೊತ್ತಾ, ಮೇಲೆ ಹೇಳಿದ ಅದೇ ಹಳೇ ವಸತಿಗೃಹದ ನಿಯಮದಲ್ಲಿ, ಯಾಕಂದ್ರೆ ಬ್ರಿಟನ್ನಿಗೆ ವರ್ಣಭೇದದ ವಿರುದ್ಧ ಕಾನೂನು ಬಂದಿದ್ದೇ 1965ಕ್ಕೆ.

ಇನ್ನು ಪಕ್ಕದ ಕಡೆನೂ, ಅದರ ಪಕ್ಕನೂ ಅದೇ ಮಾತು ಅಂದ್ರೆ ಏನ್ಮಾಡ್ತೀರಾ? ಅಮೆರಿಕದಲ್ಲಿ ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ನ್ಯೂಯಾರ್ಕಿನ ಪೋಸ್ಟ್‌ಮನ್ 1936ರಿಂದ ಕರಿಯ ಪ್ರಯಾಣಿಕರಿಗೆ ಅಂತಾನೇ ಒಂದು ಕೈಪಿಡಿ ತರ್ತಿದ್ರು, ಎಲ್ಲಿ ಮಲಗ್ಬೋದು, ಎಲ್ಲಿ ಊಟ ಕೊಡ್ತಾರೆ, ಎಲ್ಲಿ ಪೆಟ್ರೋಲ್ ಹಾಕ್ತಾರೆ ಅಂತ ಊರೂರಿನ ಪಟ್ಟಿ. ಹೊರಡೋಕೆ ಮುಂಚೆ ಅದನ್ನ ನೋಡಿ ದಾರಿ ಲೆಕ್ಕ ಹಾಕ್ಬೇಕಿತ್ತು. ಒಂದು ಅಂಗಡಿ ಇಲ್ಲ ಅನ್ನೋದು ಸಣ್ಣ ವಿಷಯ ಅನಿಸ್ಬೋದು, ಆದ್ರೆ ಎಲ್ಲ ಅಂಗಡಿಗಳೂ ಸೇರಿ ಒಬ್ಬ ಮನುಷ್ಯ ಎಷ್ಟು ದೂರ ಹೋಗ್ಬೋದು ಅನ್ನೋದನ್ನೇ ತೀರ್ಮಾನ ಮಾಡ್ತಾವೆ.

ಭೇದ ಮಾಡೋ ವ್ಯಾಪಾರಿ ನಷ್ಟ ಮಾಡ್ಕೊಂಡು ತಾನೇ ಮುಚ್ಕೊಂಡು ಹೋಗ್ತಾನೆ, ಮಾರ್ಕೆಟ್ ಸರಿ ಮಾಡುತ್ತೆ ಅನ್ನೋ ವಾದ?

ಇದು ಪೂರ್ತಿ ಪೊಳ್ಳು ವಾದ ಅಲ್ಲ, ಅದನ್ನ ಒಪ್ಕೊಳ್ತೀನಿ. 1892ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಕರಿಯ ಮೂಲದ ಹೋಮರ್ ಪ್ಲೆಸ್ಸಿ ಬಿಳಿಯರ ಬೋಗಿಯಲ್ಲಿ ಕೂತು ಅರೆಸ್ಟ್ ಆದಾಗ ಆ ರೈಲು ಕಂಪನಿಗೆ ಮೊದಲೇ ಗೊತ್ತಿತ್ತು, ಅವರೂ ಕೈ ಜೋಡಿಸಿದ್ರು, ಯಾಕಂದ್ರೆ ಬೇರೆ ಬೇರೆ ಬೋಗಿ ಇಡೋದು ಅವರಿಗೆ ದಂಡದ ಖರ್ಚು. ಅಲ್ಲಿ ಭೇದ ಮಾಡು ಅಂತ ಕಟ್ಟುಪಾಡು ಹಾಕಿದ್ದೇ ಸರ್ಕಾರದ ಕಾನೂನು. ಹಾಗಾಗಿ ವ್ಯಾಪಾರಿಗಳೇ ಯಾವಾಗ್ಲೂ ವಿಲನ್ ಅನ್ನೋದು ಸುಳ್ಳು.

ಆದ್ರೆ ಮಾರ್ಕೆಟ್ ಮೇಲೆ ಪೂರ್ತಿ ಭಾರ ಹಾಕೋರು ಗ್ರೀನ್ಸ್‌ಬರೋ ಕಥೆ ನೋಡ್ಬೇಕು. 1960 ಫೆಬ್ರವರಿ 1, ನಾಲ್ಕು ಜನ ಕರಿಯ ಕಾಲೇಜು ಹುಡುಗರು ವೂಲ್ವರ್ತ್ ಅಂಗಡಿಗೆ ಹೋದ್ರು. ಮೊದಲು ಅಲ್ಲೇ ಸಣ್ಣಪುಟ್ಟ ಸಾಮಾನು ತಗೊಂಡ್ರು, ಬಿಲ್ ಕೊಟ್ರು, ಯಾರೂ ಏನೂ ಅನ್ಲಿಲ್ಲ. ಆಮೇಲೆ ಅದೇ ಅಂಗಡಿಯ ಊಟದ ಕೌಂಟರಲ್ಲಿ ಕೂತ್ರು, ನಿಮಗೆ ಕೊಡಲ್ಲ ಅಂದ್ರು. ಒಂದು ಕೌಂಟರಲ್ಲಿ ಅವರ ದುಡ್ಡು ನಡೀತಿತ್ತು, ಕೆಲವೇ ಹೆಜ್ಜೆ ದೂರದ ಇನ್ನೊಂದು ಕೌಂಟರಲ್ಲಿ ನಡೀತಿರ್ಲಿಲ್ಲ. ಅಷ್ಟು ವರ್ಷ ಆ ಅಂಗಡಿ ಹಾಗೇ ಲಾಭದಲ್ಲಿ ನಡ್ಕೊಂಡು ಬಂದಿತ್ತು. ಬದಲಾಗಿದ್ದು ಜುಲೈನಲ್ಲಿ, ತಿಂಗಳುಗಟ್ಟಲೆ ಜನ ಬಂದು ಕೂತು ಕೂತು, ಬಹಿಷ್ಕಾರ ಹಾಕಿ, ವ್ಯಾಪಾರಕ್ಕೆ ಪೆಟ್ಟು ಬಿದ್ಮೇಲೆ. ಅಂದ್ರೆ ಮಾರ್ಕೆಟ್ ಕೆಲಸ ಮಾಡ್ತು ಅಂತ ನೀವು ಹೇಳ್ಬೋದು, ಆದ್ರೆ ಅದನ್ನ ಕೆಲಸ ಮಾಡ್ಸೋಕೆ ಹದಿನೆಂಟು ಹತ್ತೊಂಬತ್ತರ ಹುಡುಗರು ಬೈಗುಳ ತಿಂದ್ಕೊಂಡು ದಿನಾ ಹೋಗಿ ಕೂರ್ಬೇಕಾಯ್ತು. ಒಂದು ಊಟ ತಗೊಳೋಕೆ ಯಾರಿಗೂ ಅಷ್ಟು ಧೈರ್ಯ ಬೇಕಾಗ್ಬಾರ್ದು.

ನನ್ನ ಆಸ್ತಿ, ನನ್ನ ಬಂಡವಾಳ. ಬೇಡದವರಿಗೆ ಸೇವೆ ಮಾಡು ಅಂತ ಬಲವಂತ ಮಾಡೋದೇ ಗುಲಾಮಗಿರಿ ಅಲ್ವಾ?

ಈ ಮಾತನ್ನ ನಿಜವಾಗ್ಲೂ ಕೋರ್ಟಲ್ಲಿ ವಾದ ಮಾಡಿದಾರೆ. 1964ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಹೋಟೆಲ್, ಊಟದ ಜಾಗ, ಥಿಯೇಟರ್ ಇಂಥ ಕಡೆ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ವಾಪಸ್ ಕಳಿಸೋ ಹಾಗಿಲ್ಲ ಅಂತ. ಅಟ್ಲಾಂಟಾದಲ್ಲಿ 216 ರೂಮಿನ ಒಂದು ಮೋಟೆಲ್ ಮಾಲೀಕ ತಕ್ಷಣ ಕೇಸ್ ಹಾಕಿದ, ಇದು ನನ್ನ ಆಸ್ತಿ ಹಕ್ಕಿಗೆ ಧಕ್ಕೆ, ಗುಲಾಮಗಿರಿ ನಿಷೇಧಿಸೋ 13ನೇ ತಿದ್ದುಪಡಿಗೂ ವಿರುದ್ಧ ಅಂತ. ಗುಲಾಮರ ಬಿಡುಗಡೆಗೆ ಅಂತ ತಂದ ತಿದ್ದುಪಡಿನ ಅವರ ಮೊಮ್ಮಕ್ಕಳಿಗೆ ರೂಮ್ ಕೊಡದೇ ಇರೋಕೆ ಬಳಸಿದ್ದು. ಅದೇ ವರ್ಷ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕ್ತು.

ಆದ್ರೆ ಆಸ್ತಿ ಅನ್ನೋ ಮಾತಲ್ಲಿ ತೂಕ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. ನಿಮ್ಮ ಮನೆಗೆ ಯಾರನ್ನ ಕರೀಬೇಕು ಅನ್ನೋದು ನಿಮ್ಮಿಷ್ಟ, ಅಲ್ಲಿ ಕಾನೂನು ಮೂಗು ತೂರಿಸ್ಬಾರ್ದು. ಆ ಕಾಯ್ದೆಯಲ್ಲೂ ಅದಕ್ಕೆ ಜಾಗ ಬಿಟ್ಟಿದಾರೆ, ಮಾಲೀಕ ತಾನೇ ವಾಸ ಇರೋ ಮನೆಯಲ್ಲಿ ಐದು ಅಥವಾ ಅದಕ್ಕಿಂತ ಕಮ್ಮಿ ರೂಮ್ ಬಾಡಿಗೆಗೆ ಕೊಟ್ರೆ ಅದು ಅನ್ವಯ ಆಗಲ್ಲ, ನಿಜವಾದ ಖಾಸಗಿ ಕ್ಲಬ್‌ಗೂ ಆಗಲ್ಲ. ಮನೆ ಮನೆಯಾಗೇ ಇರ್ಲಿ. ರಸ್ತೆ ಕಡೆ ಶಟರ್ ಎತ್ತಿ, ಬನ್ನಿ ಬನ್ನಿ ಅಂತ ಜಾಹೀರಾತು ಕೊಟ್ಟು, ಆಮೇಲೆ ಬಂದವನ ಮುಖ ನೋಡಿ ಇದು ನನ್ನ ಮನೆ ಅನ್ನೋದು ಸರಿ ಬರಲ್ಲ.

ನನಗೇನೂ ದ್ವೇಷ ಇಲ್ಲ, ಆದ್ರೆ ಅವರನ್ನ ಬಿಟ್ಕೊಂಡ್ರೆ ನನ್ನ ಉಳಿದ ಗಿರಾಕಿಗಳು ಬರೋದು ನಿಲ್ಲಿಸ್ತಾರೆ. ಆಗ?

ನಮ್ಮ ಮಾಲೀಕರೂ ಇದನ್ನೇ ಹೇಳ್ತಿದ್ರು. ಇಂಪೀರಿಯಲ್ ಹೋಟೆಲ್ ಹೇಳಿದ್ದೂ ಇದನ್ನೇ. ಮೊದಲನೇದಾಗಿ, ಬೇರೆಯವರ ದ್ವೇಷಕ್ಕೆ ನೀವು ಕೈಯಾಗಿ ಕೆಲಸ ಮಾಡಿದ್ರೆ ಪೆಟ್ಟು ಬೀಳೋನಿಗೆ ಏನು ವ್ಯತ್ಯಾಸ? ಎರಡನೇದು, ಆ ಭಯ ಬಹಳ ಸಲ ತಲೆಯೊಳಗಿನದ್ದು. ರಿಚರ್ಡ್ ಲಪಿಯೆರ್ ಅನ್ನೋ ಸಮಾಜಶಾಸ್ತ್ರಜ್ಞ 1930ರ ದಶಕದ ಶುರುವಲ್ಲಿ ಒಬ್ಬ ಚೀನೀ ದಂಪತಿ ಜೊತೆ ಅಮೆರಿಕ ಪೂರ್ತಿ ಓಡಾಡಿದ್ರು, ಆಗ ಅಲ್ಲಿ ಚೀನೀಯರ ಮೇಲೆ ತುಂಬಾ ವಿರೋಧ ಇತ್ತು. 251 ಹೋಟೆಲು, ಊಟದ ಜಾಗಗಳಿಗೆ ಹೋದ್ರು, ವಾಪಸ್ ಕಳಿಸಿದ್ದು ಒಂದೇ ಒಂದು ಕಡೆ. ತಿಂಗಳುಗಳಾದ್ಮೇಲೆ ಅದೇ ಜಾಗಗಳಿಗೆ ಪತ್ರ ಬರೆದು ಚೀನೀ ಗಿರಾಕಿ ಬಂದ್ರೆ ಸೇರಿಸ್ಕೊಳ್ತೀರಾ ಅಂತ ಕೇಳಿದ್ರೆ, ಉತ್ತರ ಬರೆದವರಲ್ಲಿ ಶೇ. 90ಕ್ಕಿಂತ ಜಾಸ್ತಿ ಜನ ಇಲ್ಲ ಅಂದಿದ್ರು. ಅಂದ್ರೆ ಮನುಷ್ಯ ಎದುರಿಗೆ ನಗ್ತಾ ಬ್ಯಾಗ್ ಹಿಡ್ಕೊಂಡು ನಿಂತಾಗ ಬಹಳಷ್ಟು ಜನಕ್ಕೆ ಏನೂ ತೊಂದ್ರೆ ಆಗಿರ್ಲಿಲ್ಲ.

ಮೂರನೇದು ನನಗೆ ಮುಖ್ಯ ಅನಿಸೋದು. ಕಾನೂನು ಎಲ್ಲರಿಗೂ ಒಂದೇ ಅಂತ ಇದ್ರೆ ಒಳ್ಳೆ ಮನಸ್ಸಿನ ಮಾಲೀಕನಿಗೂ ಅದು ರಕ್ಷಣೆ. ಯಾರಾದ್ರೂ ಬಂದು ಅವರನ್ನ ಯಾಕೆ ಸೇರಿಸ್ಕೊಂಡ್ರಿ ಅಂದ್ರೆ, ಸಾರ್ ಕಾನೂನು, ಎಲ್ಲಿ ಹೋದ್ರೂ ಇದೇ ಅಂತ ಹೇಳಿ ಕೈ ತೊಳ್ಕೋಬೋದು.

ಆ ಗುಂಪಿನವರು ಹಿಂದೆ ನಿಜವಾಗ್ಲೂ ಗಲಾಟೆ ಮಾಡಿದ್ರೆ? ಅನುಭವದಿಂದ ಕಲೀಬಾರ್ದಾ?

ಗಲಾಟೆ ಮಾಡಿದವನನ್ನ ಹೊರಗಿಡಿ, ಅವನ ಥರ ಕಾಣೋರನ್ನಲ್ಲ. ಜಪಾನಿನ ಒಟಾರು ಬಂದರಿನ ಊರಲ್ಲಿ ಒಂದು ಬಿಸಿನೀರಿನ ಸ್ನಾನಗೃಹ ಇತ್ತು. ರಷ್ಯನ್ ನಾವಿಕರು ಕುಡಿದು ಬಂದು ತೊಂದ್ರೆ ಕೊಡ್ತಾರೆ, ಊರಿನ ಗಿರಾಕಿಗಳು ಬರಲ್ಲ ಅಂತ ಹೇಳಿ ‘ಜಪಾನೀಯರಿಗೆ ಮಾತ್ರ’ ಅಂತ ಬೋರ್ಡ್ ಹಾಕಿದ್ರು. ಅಮೆರಿಕದಲ್ಲಿ ಹುಟ್ಟಿ ಜಪಾನಲ್ಲೇ ಸಂಸಾರ ಮಾಡ್ಕೊಂಡಿದ್ದ ಒಬ್ಬರು ಹೋದ್ರು, ಕಳಿಸಿದ್ರು. ಅವರು 2000ದಲ್ಲಿ ಜಪಾನಿನ ಪೌರತ್ವ ತಗೊಂಡು ಅದೇ ಜಾಗಕ್ಕೆ ಮತ್ತೆ ಹೋದ್ರು. ನೀವು ಕಾಗದದಲ್ಲಿ ಜಪಾನೀ ಇರ್ಬೋದು, ಆದ್ರೆ ನೋಡೋಕೆ ಹಾಗೆ ಕಾಣಲ್ಲ ಅಂತ ಮತ್ತೆ ಕಳಿಸಿದ್ರು!

ನನ್ನ ಪ್ರಶ್ನೆ ನೆನಪಿದ್ಯಾ, ನಾಳೆ ಏನು ಮಾಡ್ಕೊಂಡು ಬಂದ್ರೆ ಬಿಡ್ತೀರಾ ಅನ್ನೋದು. ಇಲ್ಲಿ ಆ ಮನುಷ್ಯ ಬೋರ್ಡಲ್ಲಿ ಬರೆದಿದ್ದನ್ನ ಅಕ್ಷರಶಃ ಮಾಡ್ಕೊಂಡು ಬಂದ. ಬಾಗಿಲು ತೆರೀಲಿಲ್ಲ ಅಂದ್ಮೇಲೆ ಬೋರ್ಡ್ ಮೇಲಿದ್ದ ಕಾರಣ ನಿಜವಾದ ಕಾರಣ ಆಗಿರ್ಲಿಲ್ಲ ಅಂತಾಯ್ತು. 2002ರಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಇದು ಜನಾಂಗ ಭೇದ ಅಂತ ಹೇಳಿ ಮೂವರು ದೂರುದಾರರಿಗೂ ತಲಾ 10 ಲಕ್ಷ ಯೆನ್ ಕೊಡಿಸ್ತು.

ಧಾರ್ಮಿಕ ನಂಬಿಕೆಗೆ ವಿರುದ್ಧವಾದ ಕೆಲಸ ಮಾಡು ಅಂದ್ರೆ ವ್ಯಾಪಾರಿಯ ಆತ್ಮಸಾಕ್ಷಿ ಗತಿ ಏನು?

ಇದೇ ಕಷ್ಟದ ಪ್ರಶ್ನೆ, ಇಲ್ಲಿ ಸುಲಭದ ಉತ್ತರ ಕೊಡೋರನ್ನ ನಾನು ನಂಬಲ್ಲ. ನಾನು ಮಾಡೋ ಮೊದಲ ಕೆಲಸ ಅಂದ್ರೆ, ಬೇಡ ಅಂದಿದ್ದು ಮನುಷ್ಯನಿಗಾ ಮಾತಿಗಾ ಅಂತ ಬಿಡಿಸಿ ನೋಡೋದು.

ಉತ್ತರ ಐರ್ಲೆಂಡಿನ ಒಂದು ಬೇಕರಿ ಕೇಸಲ್ಲಿ ಒಬ್ಬ ಗಿರಾಕಿ ಸಲಿಂಗ ಮದುವೆಗೆ ಬೆಂಬಲ ಕೊಡಿ ಅನ್ನೋ ಘೋಷಣೆ ಬರೆದ ಕೇಕ್ ಕೇಳಿದ್ದ, ಬೇಕರಿಯವರು ಆಗಲ್ಲ ಅಂದ್ರು. 2018ರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಐದೂ ಜನ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಬೇಕರಿ ಪರ ಹೇಳಿದ್ರು, ಯಾಕಂದ್ರೆ ಆ ಘೋಷಣೆನ ಯಾರು ಕೇಳಿದ್ರೂ ಅವರು ಬರೀತಿರ್ಲಿಲ್ಲ, ತಕರಾರು ಇದ್ದಿದ್ದು ಆ ವ್ಯಕ್ತಿ ಮೇಲಲ್ಲ. ನನಗೆ ಆ ತೀರ್ಪು ಸರಿ ಅನಿಸುತ್ತೆ. ಪ್ರಿಂಟಿಂಗ್ ಪ್ರೆಸ್ ನಡೆಸೋ ಒಬ್ಬನಿಗೆ ಅವನ ಸಮುದಾಯನೇ ಬೈಯೋ ಪೋಸ್ಟರ್ ಛಾಪಿಸು ಅಂತ ಬಲವಂತ ಮಾಡೋ ಪ್ರಪಂಚ ನನಗೂ ಬೇಡ.

ಅದೇ ವರ್ಷ ಅಮೆರಿಕದ ಕೊಲರಾಡೊ ಕೇಕ್ ಕೇಸು ಬಂತು, ಅದು ಬೇರೆ ಥರ. ಅಲ್ಲಿ ಕೇಕ್ ಮೇಲೆ ಏನು ಬರೀಬೇಕು ಅನ್ನೋ ಮಾತು ಬರೋಕೆ ಮುಂಚೆನೇ, ಮದುವೆ ಆಗ್ತಿರೋದು ಇಬ್ಬರು ಗಂಡಸರು ಅಂತ ಗೊತ್ತಾದ ಕೂಡ್ಲೇ ಮದುವೆ ಕೇಕ್ ಮಾಡಲ್ಲ ಅಂದಿದ್ರು. ಸುಪ್ರೀಂ ಕೋರ್ಟ್ 7-2ರಲ್ಲಿ ಬೇಕರಿಯವನ ಪರ ಹೇಳ್ತು ನಿಜ, ಆದ್ರೆ ಕಾರಣ ಬೇರೆ, ವಿಚಾರಣೆ ಮಾಡಿದ ರಾಜ್ಯದ ಆಯೋಗ ಅವನ ಧರ್ಮದ ಬಗ್ಗೆ ಹಗುರವಾಗಿ ಮಾತಾಡಿತ್ತು ಅಂತ. ಮೂಲ ಪ್ರಶ್ನೆ ಹಾಗೇ ಉಳೀತು. 2023ರಲ್ಲಿ ವೆಬ್‌ಸೈಟ್ ಡಿಸೈನರ್ ಒಬ್ಬರ ಕೇಸಲ್ಲಿ 6-3ರಲ್ಲಿ, ಅಭಿವ್ಯಕ್ತಿ ಇರೋ ಕೆಲಸನ ಬಲವಂತವಾಗಿ ಮಾಡ್ಸೋಹಾಗಿಲ್ಲ ಅಂದ್ರು. ಇಲ್ಲಿ ನನಗೆ ಭಯ ಇದೆ, ಅಭಿವ್ಯಕ್ತಿ ಅನ್ನೋ ಪದನ ಎಳೀತಾ ಹೋದ್ರೆ ಹೂ ಜೋಡಿಸೋದು, ಫೋಟೋ ತೆಗೆಯೋದು, ಕೂದಲು ಕತ್ತರಿಸೋದು ಎಲ್ಲಾನೂ ಕಲೆ ಅಂದ್ಬಿಡ್ಬೋದು.

ಇನ್ನೊಂದು ಕೇಸ್ ಹೇಳ್ಲೇಬೇಕು. ಇಂಗ್ಲೆಂಡಿನ ಕಾರ್ನ್‌ವಾಲಲ್ಲಿ ಸಣ್ಣ ಹೋಟೆಲ್ ನಡೆಸ್ತಿದ್ದ ಒಬ್ಬ ದಂಪತಿ 2008ರಲ್ಲಿ ಇಬ್ಬರು ಗಂಡಸರಿಗೆ ಡಬಲ್ ರೂಮ್ ಕೊಡ್ಲಿಲ್ಲ, ಅವರು ಕಾನೂನು ಪ್ರಕಾರ ನೋಂದಣಿ ಆದ ಜೊತೆಗಾರರು. ಮಾಲೀಕರ ವಾದ, ನಾವು ಮದುವೆ ಆಗದ ಯಾರಿಗೂ ಡಬಲ್ ರೂಮ್ ಕೊಡಲ್ಲ, ಗಂಡು ಹೆಣ್ಣು ಬಂದ್ರೂ ಅಷ್ಟೇ. ಕೇಳೋಕೆ ಎಷ್ಟು ನ್ಯಾಯವಾಗಿದೆ ನೋಡಿ. ಆದ್ರೆ ನಾಳೆ ಏನು ಮಾಡ್ಕೊಂಡು ಬರ್ಬೇಕು ಅಂತ ಕೇಳಿ, ಮದುವೆ ಆಗಿ ಬನ್ನಿ ಅನ್ಬೇಕು, ಆಗ ಅಲ್ಲಿ ಇಬ್ಬರು ಗಂಡಸರು ಮದುವೆ ಆಗೋಕೆ ಕಾನೂನೇ ಬಿಡ್ತಿರ್ಲಿಲ್ಲ. ಅವರು 2013ರಲ್ಲಿ ಸುಪ್ರೀಂ ಕೋರ್ಟಲ್ಲೂ ಸೋತ್ರು. ಎಲ್ಲರಿಗೂ ಒಂದೇ ರೂಲ್ ಅನ್ನೋದು ಸಾಕಾಗಲ್ಲ, ಆ ರೂಲನ್ನ ಎದುರಿಗಿರೋನು ಪಾಲಿಸೋಕೆ ಸಾಧ್ಯ ಇದ್ಯಾ ಅಂತನೂ ನೋಡ್ಬೇಕು.

ಭಾರತದ ಸಂವಿಧಾನ ಖಾಸಗಿ ಅಂಗಡಿಗಳ ಬಗ್ಗೆ ಏನಾದ್ರೂ ಹೇಳುತ್ತಾ?

ಹೇಳುತ್ತೆ. ಮೂಲಭೂತ ಹಕ್ಕು ಅಂದ್ರೆ ಬರೀ ಸರ್ಕಾರದ ವಿರುದ್ಧ ಅನ್ನೋದು ಬಹಳ ಜನರ ತಪ್ಪು ಕಲ್ಪನೆ. 15(2)ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇಷ್ಟರ ಕಾರಣಕ್ಕೆ ಯಾರನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್, ಮನರಂಜನೆ ಜಾಗಗಳಿಂದ ತಡೆಯೋ ಹಾಗಿಲ್ಲ ಅನ್ನುತ್ತೆ. 1948 ನವೆಂಬರಲ್ಲಿ ಸಂವಿಧಾನ ಸಭೆಯಲ್ಲಿ ಅಂಗಡಿ ಅಂದ್ರೆ ಏನೇನು ಬರುತ್ತೆ ಅಂತ ಪ್ರಶ್ನೆ ಎದ್ದಾಗ ಅಂಬೇಡ್ಕರ್ ಕೊಟ್ಟ ವಿವರಣೆ ತುಂಬಾ ವಿಶಾಲವಾದ್ದು: ಸೇವೆ ಕೇಳಿ ಬರೋ ಯಾರಿಗಾದ್ರೂ ಸೇವೆ ಕೊಡೋಕೆ ಮಾಲೀಕ ತಯಾರಿರೋ ಜಾಗವೇ ಅಂಗಡಿ ಅನ್ನೋ ಅರ್ಥದಲ್ಲಿ. ಕುದುರೆ ಲಾಳದ ಮಾತಿಗೂ ಇದಕ್ಕೂ ಎಷ್ಟು ಹತ್ತಿರ ಇದೆ ನೋಡಿ. ಅಸ್ಪೃಶ್ಯತೆ ಕಾರಣಕ್ಕೆ ಸಾಮಾನು ಮಾರಲ್ಲ, ಸೇವೆ ಕೊಡಲ್ಲ ಅನ್ನೋದು 1955ರ ಕಾಯ್ದೆಯಿಂದ ಅಪರಾಧನೇ, ಜೈಲಿಗೆ ಹಾಕೋ ಅಂಥದ್ದು.

ಆದ್ರೆ 15(2)ರ ಪಟ್ಟಿಯಲ್ಲಿ ಅಂಗವೈಕಲ್ಯ ಇಲ್ಲ, ಅದಕ್ಕೆ ಬೇರೆ ಕಾನೂನು ಬರ್ಬೇಕಾಯ್ತು.

ಅಂಗವಿಕಲರ ವಿಷಯದಲ್ಲಿ ಸುರಕ್ಷತೆ ಅನ್ನೋ ಕಾರಣ ನಿಜವಾದ್ದು ಅಲ್ವಾ?

ಕೆಲವು ಸಲ ನಿಜ, ಬಹಳ ಸಲ ಅದು ತಲೆನೋವು ಬೇಡ ಅನ್ನೋದಕ್ಕೆ ಹಾಕಿದ ಒಳ್ಳೆ ಬಟ್ಟೆ. ಜೀಜಾ ಘೋಷ್ ಅವರ ಕೇಸ್ ಓದಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದ್ರೆಯಿಂದ ದೇಹದ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರೋ ಹೋರಾಟಗಾರ್ತಿ, 2012ರಲ್ಲಿ ಒಂದು ಸಮ್ಮೇಳನಕ್ಕೆ ಅಂತ ಗೋವಾಕ್ಕೆ ಹೊರಟು ಕೋಲ್ಕತ್ತಾದಲ್ಲಿ ವಿಮಾನ ಹತ್ತಿ ತಮ್ಮ ಸೀಟಲ್ಲಿ ಕೂತಾಗಿತ್ತು, ಕೆಳಗಿಳಿಸಿದ್ರು. ಟಿಕೆಟ್ ಇದೆ, ಬೋರ್ಡಿಂಗ್ ಆಗಿದೆ, ಅವರು ಒಬ್ಬರೇ ಪ್ರಯಾಣ ಮಾಡಿ ಅಭ್ಯಾಸ ಇರೋರು. 2016ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ಪರಿಹಾರ ಕೊಡಿಸ್ತು. ಅವರಿಗೆ ಏನು ಬೇಕು, ಏನು ಕಷ್ಟ ಆಗ್ಬೋದು ಅಂತ ಅವರನ್ನೇ ಒಂದು ಮಾತು ಸರಿಯಾಗಿ ಕೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.

ಹೇಗೆ ಕೇಳ್ಬೇಕು ಅನ್ನೋದಕ್ಕೆ ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ನಿಯಮ ಒಳ್ಳೆ ಮಾದರಿ. ಅಂಗವೈಕಲ್ಯ ಇರೋರು ನಾಯಿ ಕರ್ಕೊಂಡು ಬಂದ್ರೆ, ನಾಯಿ ಯಾಕೆ ಅಂತ ನೋಡಿದ ಕೂಡ್ಲೇ ಗೊತ್ತಾಗದ ಕಡೆ, ಎರಡೇ ಪ್ರಶ್ನೆ ಕೇಳ್ಬೋದು: ಅಂಗವೈಕಲ್ಯಕ್ಕೋಸ್ಕರ ಇದು ಬೇಕಾ, ಇದಕ್ಕೆ ಏನು ಕೆಲಸ ಕಲಿಸಿದೀರಾ. ಕಾಗದ ಪತ್ರ ತೋರ್ಸಿ ಅನ್ನೋ ಹಾಗಿಲ್ಲ. ಆದ್ರೆ ನಾಯಿ ಹಿಡಿತಕ್ಕೆ ಸಿಗದೆ ಜನರ ಮೇಲೆ ಎಗರಿದ್ರೆ ಹೊರಗೆ ಕಳಿಸ್ಬೋದು.

ರಾಜಕೀಯ ಇಷ್ಟ ಆಗ್ಲಿಲ್ಲ ಅಂತ ವಾಪಸ್ ಕಳಿಸ್ಬೋದಾ?

2018ರಲ್ಲಿ ಅಮೆರಿಕದ ಅಧ್ಯಕ್ಷರ ವಕ್ತಾರೆ ಆಗಿದ್ದ ಸಾರಾ ಸ್ಯಾಂಡರ್ಸ್ ಅವರನ್ನ ವರ್ಜೀನಿಯಾದ ಒಂದು ರೆಸ್ಟೋರೆಂಟಿನ ಮಾಲಕಿ ಎದ್ದು ಹೋಗಿ ಅಂತ ಕೇಳಿದ್ರು, ಅವರು ಹೋದ್ರು. ಅಲ್ಲಿ ಅದು ಕಾನೂನುಬಾಹಿರ ಅಲ್ಲ, ಆದ್ರೆ ವಾಷಿಂಗ್ಟನ್ ಡಿಸಿಯಲ್ಲಿ ರಾಜಕೀಯ ಪಕ್ಷದ ಕಾರಣಕ್ಕೆ ಭೇದ ಮಾಡೋ ಹಾಗಿಲ್ಲ. ನನ್ನ ಅಭಿಪ್ರಾಯ: ಅಧಿಕಾರದಲ್ಲಿರೋರು ಮಾಡಿದ ಕೆಲಸಕ್ಕೆ ಒಂದು ಊಟ ತಪ್ಪಿದ್ರೆ ಅದನ್ನ ಮೈಬಣ್ಣದ ಭೇದದ ಸಾಲಿಗೆ ಸೇರಿಸೋಕಾಗಲ್ಲ. ಆದ್ರೆ ಸಾಮಾನ್ಯ ಮತದಾರನ ಕೊರಳಲ್ಲಿರೋ ಶಾಲು ನೋಡಿ ಔಷಧಿ ಕೊಡಲ್ಲ, ರೂಮ್ ಕೊಡಲ್ಲ ಅನ್ನೋದು ಶುರುವಾದ್ರೆ ಊರೇ ಎರಡು ಭಾಗ ಆಗುತ್ತೆ, ಅದನ್ನ ನಾನು ಯಾವ ಪಕ್ಷದವರು ಮಾಡಿದ್ರೂ ಒಪ್ಪಲ್ಲ.

ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ ಅಂತ ಬೋರ್ಡ್ ಹಾಕಿದ್ರೆ?

ಬೋರ್ಡ್ ಕಾನೂನಿಗಿಂತ ದೊಡ್ಡದಲ್ಲ.

ಡ್ರೆಸ್ ಕೋಡ್?

ಚಪ್ಪಲಿ ಬೇಕು, ಅಂಗಿ ಬೇಕು, ಹೆಲ್ಮೆಟ್ ತೆಗೀರಿ, ಇದೆಲ್ಲ ಪರವಾಗಿಲ್ಲ. ಒಬ್ಬರ ಧರ್ಮದ ಉಡುಗೆನೇ ಗುರಿ ಇಟ್ಟು ಬರೆದ ಡ್ರೆಸ್ ಕೋಡ್ ಇರುತ್ತಲ್ಲ, ಅದು ಡ್ರೆಸ್ ಕೋಡ್ ಅಲ್ಲ.

ಆನ್‌ಲೈನಲ್ಲಿ ಮುಖನೇ ಕಾಣಲ್ಲ, ಅಲ್ಲಿ ಈ ಸಮಸ್ಯೆ ಇರಲ್ಲ ಅಲ್ವಾ?

ಇರುತ್ತೆ, ಕೀಗಳು ನೇತಾಡೋ ಆ ಬೋರ್ಡ್ ಕಾಣಲ್ಲ ಅಷ್ಟೇ. ಹಾರ್ವರ್ಡ್ ಸಂಶೋಧಕರು ಜನ ತಮ್ಮ ಮನೆ, ರೂಮ್ ಬಾಡಿಗೆಗೆ ಕೊಡೋ ಆನ್‌ಲೈನ್ ತಾಣ ಏರ್‌ಬಿಎನ್‌ಬಿಯಲ್ಲಿ ಐದು ನಗರಗಳ ಸುಮಾರು 6,400 ಮನೆಗಳಿಗೆ ರೂಮ್ ಕೇಳಿ ಮೆಸೇಜ್ ಕಳಿಸಿದ್ರು, ಒಕ್ಕಣೆ ಒಂದೇ, ಹೆಸರು ಮಾತ್ರ ಬೇರೆ. ಕರಿಯರದ್ದು ಅನಿಸೋ ಹೆಸರಿಗೆ ಹೂಂ ಅನ್ನೋ ಸಾಧ್ಯತೆ ಬಿಳಿಯರದ್ದು ಅನಿಸೋ ಹೆಸರಿಗಿಂತ ಶೇ. 16 ಕಮ್ಮಿ ಇತ್ತು. ಆಮೇಲೆ 2018ರಲ್ಲಿ ಆ ಕಂಪನಿ ಬುಕಿಂಗ್ ಒಪ್ಪಿದ್ಮೇಲೆ ಮಾತ್ರ ಅತಿಥಿಯ ಫೋಟೋ ಕಾಣೋ ಹಾಗೆ ಬದಲಾಯಿಸ್ತು. ನಾನು ಕೌಂಟರಲ್ಲಿ ಐಡಿ ಕಾರ್ಡ್ ಓದಿ ಮಾಡ್ತಿದ್ದ ಕೆಲಸನೇ ಇಲ್ಲಿ ಒಂದು ಬಟನ್ ಒತ್ತಿ ಮಾಡೋದು, ಎದುರಿಗಿರೋನಿಗೆ ಅದು ಗೊತ್ತೂ ಆಗಲ್ಲ.

ನನ್ನನ್ನ ಹೀಗೆ ವಾಪಸ್ ಕಳಿಸಿದ್ರೆ ಆ ಕ್ಷಣದಲ್ಲಿ ಏನು ಮಾಡ್ಲಿ?

ಕಾರಣ ಕೇಳಿ, ಜಗಳ ಆಡ್ದೆ, ಆದ್ರೆ ಸ್ಪಷ್ಟವಾಗಿ, ಇನ್ನೊಬ್ಬರಿಗೆ ಕೇಳೋ ಹಾಗೆ. ಫುಲ್ ಆಗಿದೆ ಅಂದ್ರೆ ಹೊರಗೆ ಬಂದು ಬೇರೆ ಹೆಸರಿನ ಸ್ನೇಹಿತರಿಂದ ಫೋನ್ ಮಾಡ್ಸಿ ಕೇಳಿ. ಟೈಮ್, ಹೇಳಿದ ಮಾತು, ಹೇಳಿದವರು ಯಾವ ಕೆಲಸದಲ್ಲಿದ್ರು ಅನ್ನೋದನ್ನ ಅಲ್ಲೇ ಮೊಬೈಲಲ್ಲಿ ಬರ್ಕೊಳ್ಳಿ, ಮನೆಗೆ ಹೋಗೋಷ್ಟರಲ್ಲಿ ಮಾತುಗಳು ಬದಲಾಗಿಬಿಡ್ತಾವೆ. ಜೊತೆಗೊಬ್ಬರು ಇದ್ರೆ ಅವರೇ ದೊಡ್ಡ ಬಲ. ಕಾನ್ಸ್ಟಂಟೈನ್ ಆಗ ಕಾರ್ಮಿಕ ಇಲಾಖೆಯಲ್ಲಿ ಕೆಲಸ ಮಾಡ್ತಿದ್ರು, ಆವತ್ತು ಜೊತೆಗಿದ್ದ ಇಲಾಖೆಯ ಸಹೋದ್ಯೋಗಿ ಹೋಟೆಲಿನವರ ಮಾತನ್ನ ತಾನೇ ಕಿವಿಯಾರೆ ಕೇಳಿದ್ದ, ಕೋರ್ಟಲ್ಲಿ ಅದು ನಿಲ್ತು.

ನಾನು ಕೌಂಟರಲ್ಲಿ ಕೆಲಸ ಮಾಡೋನು. ಇಂಥವರನ್ನ ಕಳಿಸಿಬಿಡು ಅಂತ ಮಾಲೀಕರೇ ಹೇಳಿದ್ರೆ?

ಬರೆದು ಕೊಡಿ ಅಂತ ಕೇಳಿ. ಸುಮ್ನೆ, ವಿನಯವಾಗಿ, ನಾಳೆ ಯಾರಾದ್ರೂ ದೂರು ಕೊಟ್ರೆ ನನ್ನ ಹತ್ರ ಕಾಗದ ಇರ್ಲಿ ಸಾರ್ ಅಂತ. ನಾನು ಆ ರಾತ್ರಿ ಆದ ಮೂರನೇ ದಿನ ಹಾಗೇ ಕೇಳಿದೆ. ಅವರು ನನ್ನ ಮುಖ ನೋಡಿದ್ರು, ಬರೆದು ಕೊಡ್ಲಿಲ್ಲ, ಆಮೇಲೆ ನನ್ನ ಪಾಳಿಯಲ್ಲಿ ಆ ಮಾತು ಮತ್ತೆ ಎತ್ಲೂ ಇಲ್ಲ. ಹಗಲು ಪಾಳಿಯಲ್ಲಿ ಮಾತ್ರ ಮೊದಲಿನ ಥರನೇ ನಡೀತಿತ್ತು, ಅದು ಗೊತ್ತಿದ್ದೂ ನಾನು ಇನ್ನೂ ನಾಲ್ಕು ತಿಂಗಳು ಅಲ್ಲೇ ಕೆಲಸ ಮಾಡಿದೆ.